ಹಳೆಯ ಕಂಪ್ಯೂಟರ್ ಆನ್ ಆಗದಿದ್ದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ದಾವಣಗೆರೆಯ ಮಂಡಿಪೇಟೆಯ ದಲಾಲಿ ಅಂಗಡಿಗಳಲ್ಲಿ, ಊರಿನ ಡಿಟಿಪಿ ಕೇಂದ್ರಗಳಲ್ಲಿ, ಚಳ್ಳಕೆರೆಯ ಎಣ್ಣೆ ಗಿರಣಿಗಳ ಲೆಕ್ಕದ ಕೋಣೆಗಳಲ್ಲಿ ಹತ್ತು ಹದಿನೈದು ವರ್ಷ ದಾಟಿದ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಇಂದಿಗೂ ದುಡಿಯುತ್ತಿವೆ. ಅವನ್ನು ಬದಲಿಸದೆ ಇಟ್ಟುಕೊಂಡಿರುವುದಕ್ಕೆ ದುಡ್ಡೊಂದೇ ಕಾರಣವಲ್ಲ. ಪೇಜ್‌ಮೇಕರ್‌ನಲ್ಲಿ ಹಳೆಯ ನುಡಿ ಫಾಂಟ್ ಬಳಸಿ ಕೂರಿಸಿದ ನೂರಾರು ಲಗ್ನಪತ್ರಿಕೆ, ಕರಪತ್ರಗಳ ಕಡತಗಳು, ಟ್ಯಾಲಿಯಲ್ಲಿ ವರ್ಷಗಟ್ಟಲೆ ಬರೆದ ಖಾತೆಗಳು, ಪ್ಯಾರಲಲ್ ಪೋರ್ಟ್ ಇಲ್ಲದೆ ನಡೆಯದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಇವೆಲ್ಲ ಆ ಯಂತ್ರಕ್ಕೇ ಒಗ್ಗಿಕೊಂಡಿರುತ್ತವೆ. ಹೀಗಿರುವಾಗ ಒಂದು ಬೆಳಿಗ್ಗೆ ಗುಂಡಿ ಒತ್ತಿದರೂ ಅದು ಮಿಸುಕದಿದ್ದರೆ ಅಂಗಡಿಯ ಕೆಲಸವೇ ನಿಂತಂತಾಗುತ್ತದೆ. ಆ ಗಾಬರಿಯಲ್ಲಿ ಯಾರೋ ‘ಎಸ್‌ಎಂಪಿಎಸ್ ಹೋಗಿದೆ’ ಎಂದು ಕರೆಂಟ್ ಒದಗಿಸುವ ಡಬ್ಬಿಯನ್ನು ದೂರುತ್ತಾರೆ, ಇನ್ನೊಬ್ಬರು ‘ಬೋರ್ಡೇ ಹೋಗಿದೆ’ ಎನ್ನುತ್ತಾರೆ, ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಬದಲಾಗುತ್ತ ಹೋಗುತ್ತದೆ.

ಗುಂಡಿ ಒತ್ತಿದ ಕ್ಷಣದಿಂದ ವಿಂಡೋಸ್ ತೆರೆದುಕೊಳ್ಳುವವರೆಗೆ ಯಂತ್ರ ಒಂದು ನಿಶ್ಚಿತ ಕ್ರಮದಲ್ಲೇ ಸಾಗುತ್ತದೆ. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸುತ್ತದೆ. ಈ ವೋಲ್ಟೇಜುಗಳು ಸ್ಥಿರವಾದವು ಎಂಬ ಸಂಕೇತ ಮದರ್‌ಬೋರ್ಡಿಗೆ ತಲುಪಿದ ಮೇಲಷ್ಟೇ ಪ್ರೊಸೆಸರ್ ಎಚ್ಚರಗೊಂಡು, ಬೋರ್ಡಿನ ಚಿಪ್ಪಿನಲ್ಲಿದ್ದು ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಮನ್ನು ಓದುತ್ತದೆ. ಬಯಾಸ್ ಮೊದಲು ರ‍್ಯಾಮ್ ಇದೆಯೇ ಎಂದು ನೋಡುತ್ತದೆ, ಆಮೇಲೆ ಡಿಸ್‌ಪ್ಲೇ, ಆಮೇಲೆ ಕೀಬೋರ್ಡ್, ಎಲ್ಲಕ್ಕಿಂತ ಕೊನೆಗೆ ಹಾರ್ಡ್‌ಡಿಸ್ಕ್. ಯಂತ್ರ ಈ ಸಾಲಿನಲ್ಲಿ ಎಲ್ಲಿ ನಿಂತಿತು ಎಂಬುದನ್ನು ಕಣ್ಣು, ಕಿವಿ, ಮೂಗುಗಳೇ ಬಹುಪಾಲು ಹೇಳಿಬಿಡುತ್ತವೆ. ಹಿಂದೊಮ್ಮೆ ನಾನು ಒಂದು ಅಂಗಡಿಯಲ್ಲಿ ಈ ಕ್ರಮ ಬಿಟ್ಟು ಹೊಸ ಎಸ್‌ಎಂಪಿಎಸ್ ಹಾಕಿಸಿದ್ದೆ. ದೋಷವಿದ್ದದ್ದು ಮೇಜಿನ ಕೆಳಗಿನ ಎಕ್ಸ್‌ಟೆನ್ಷನ್ ಬಾಕ್ಸಿನ ಸಡಿಲಗೊಂಡ ತೂತಿನಲ್ಲಿ. ಅಂಗಡಿಯವರು ವ್ಯರ್ಥವಾಗಿ ಹಣ ತೆತ್ತರು. ಅಂದಿನಿಂದ ಗೋಡೆಯ ಪ್ಲಗ್ ನೋಡದೆ ನಾನು ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚಿದ್ದಿಲ್ಲ.

ಕೈ ಹಾಕುವ ಮೊದಲು

ಜನ ಸಿಪಿಯು ಎಂದೇ ಕರೆಯುವ ಕ್ಯಾಬಿನೆಟ್ಟನ್ನು ತೆರೆಯುವ ಮುನ್ನ ಕರೆಂಟಿನ ವೈರನ್ನು ಹಿಂಭಾಗದಿಂದ ಕಿತ್ತುಬಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಬಹುತೇಕ ಡೆಸ್ಕ್‌ಟಾಪುಗಳು ಅನುಸರಿಸುವ ಎಟಿಎಕ್ಸ್ ಎಂಬ ಮಾದರಿಯ ಯಂತ್ರಗಳಲ್ಲಿ ವೈರ್ ಚುಚ್ಚಿ ಕರೆಂಟ್ ಇರುವಷ್ಟು ಹೊತ್ತೂ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ, ಆ ಸ್ಥಿತಿಯಲ್ಲಿ ರ‍್ಯಾಮ್ ಕಿತ್ತರೆ ರ‍್ಯಾಮೂ ಬೋರ್ಡೂ ಹಾಳಾಗಬಹುದು. ವೈರ್ ಕಿತ್ತ ಬಳಿಕ ಮುಂದಿನ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಅಲ್ಪಸ್ವಲ್ಪ ವಿದ್ಯುತ್ತೂ ಖಾಲಿಯಾಗುತ್ತದೆ.

ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪ್ಯಾಸಿಟರುಗಳಲ್ಲಿ ಸುಮಾರು 325 ವೋಲ್ಟ್‌ಗಳಷ್ಟು ನೇರ ವಿದ್ಯುತ್ ತುಂಬಿರುತ್ತದೆ. ವೈರ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರಬಲ್ಲದು, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು ಗೋಡೆಯ ಸಾಕೆಟ್ಟಿಗೆ ಅದರ ಕಡ್ಡಿ ತೂರಿಸಲು ಹೋಗಬಾರದು.

ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಪಟ್ಟನೆ ಸಿಡಿದ ಸದ್ದಾದರೆ, ಅಥವಾ ಗುಂಡಿ ಒತ್ತಿದ ತಕ್ಷಣ ಮನೆಯ ಎಂಸಿಬಿ ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ‘ಇನ್ನೊಂದು ಸಲ ನೋಡೋಣ’ ಎಂದು ಮತ್ತೆ ಹಾಕುವ ಆ ಒಂದು ಸಲದಲ್ಲೇ ಎಸ್‌ಎಂಪಿಎಸ್‌ಗೆ ಸೀಮಿತವಾಗಿದ್ದ ದೋಷ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಸುಡಬಹುದು.

ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಜುಮ್ಮೆನ್ನುವುದು ಹಲವರಿಗೆ ರೂಢಿಯಾಗಿ ಹೋಗಿದೆ. ಮುಖ್ಯವಾಗಿ ಅದು ಅರ್ಥಿಂಗ್ ಇಲ್ಲ ಎಂಬುದರ ಸೂಚನೆ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರಿನಿಂದ ಸೋರುವ ಅತಿ ಸಣ್ಣ ಪ್ರಮಾಣದ ವಿದ್ಯುತ್ತು ನೆಲಕ್ಕೆ ಇಳಿಯಬೇಕು. ಮೂರನೆಯ ಪಿನ್ನಿಗೆ ಅರ್ಥ್ ಸಂಪರ್ಕವಿಲ್ಲದ ಹಳೆಯ ಮನೆಗಳಲ್ಲಿ ಅದು ತಗಡಿನ ಮೇಲೆಯೇ ಉಳಿದು, ಮುಟ್ಟಿದವರ ಮೈ ಮೂಲಕ ಇಳಿಯುತ್ತದೆ. ಒಳಗೆ ನಿಜವಾಗಿಯೇ ನಿರೋಧಕ ಹಾಳಾಗಿದ್ದರೆ ಅದೇ ಜುಮ್ಮು ಶಾಕ್ ಆಗುತ್ತದೆ. ಕಂಪ್ಯೂಟರ್ ದುರಸ್ತಿಗೂ ಮೊದಲು ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಅರ್ಥಿಂಗ್ ಸರಿಪಡಿಸಿಕೊಳ್ಳುವುದೇ ಸರಿಯಾದ ಕ್ರಮ.

ಲಕ್ಷಣ: ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ದೀಪವಿಲ್ಲ, ಫ್ಯಾನಿಲ್ಲ, ಸದ್ದಿಲ್ಲ

ಇಂಥ ನಿಶ್ಶಬ್ದಕ್ಕೆ ಕಾರಣ ಹೆಚ್ಚಾಗಿ ಕ್ಯಾಬಿನೆಟ್ಟಿನ ಹೊರಗೇ ಇರುತ್ತದೆ. ಕಂಪ್ಯೂಟರನ್ನು ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬಾಕ್ಸ್ ಎರಡರಿಂದಲೂ ಬಿಡಿಸಿ, ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡುವುದು ಮೊದಲ ಪರೀಕ್ಷೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಬಳಸುವ ಸಣ್ಣ ಯುಪಿಎಸ್‌ಗಳ ಒಳಗಿನ 12 ವೋಲ್ಟ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಬ್ಯಾಟರಿ ಪೂರ್ತಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಗೋಡೆಗೆ ಹಾಕಿದಾಗ ಕಂಪ್ಯೂಟರ್ ನಡೆದರೆ ದೋಷ ಯುಪಿಎಸ್‌ನದು, ಅಲ್ಲಿಗೆ ಹುಡುಕಾಟ ಮುಗಿಯಿತು.

ಸಾಕೆಟ್ಟಿನಲ್ಲಿ ಕರೆಂಟ್ ಇದೆಯೇ ಎಂದು ನೋಡಲು ಮೊಬೈಲ್ ಚಾರ್ಜರ್ ಚುಚ್ಚುವುದು ಎಲ್ಲರ ಅಭ್ಯಾಸ. ಇದು ದಾರಿ ತಪ್ಪಿಸುವ ಪರೀಕ್ಷೆ. ಚಾರ್ಜರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಅಂದರೆ ವೋಲ್ಟೇಜ್ 140ಕ್ಕೆ ಇಳಿದಿದ್ದರೂ ಅದು ಮೊಬೈಲನ್ನು ಚಾರ್ಜ್ ಮಾಡುತ್ತದೆ, ಆದರೆ 230 ವೋಲ್ಟ್‌ಗೆಂದೇ ತಯಾರಾದ ಹಳೆಯ ಎಸ್‌ಎಂಪಿಎಸ್ ಅಷ್ಟರಲ್ಲಿ ಏಳಲಾರದು. ಟೇಬಲ್ ಫ್ಯಾನ್ ಹಾಕಿ ನೋಡಿದರೆ ನಿಜ ತಿಳಿಯುತ್ತದೆ. ಫ್ಯಾನ್ ಎಂದಿನ ವೇಗದಲ್ಲಿ ತಿರುಗದೆ ತೆವಳುತ್ತಿದ್ದರೆ ವೋಲ್ಟೇಜ್ ಕಡಿಮೆಯಿದೆ ಎಂದರ್ಥ. ಹಳ್ಳಿಗಳಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದ ಹೊತ್ತಿನಲ್ಲಿ ಮಾತ್ರ ಕಂಪ್ಯೂಟರ್ ಆನ್ ಆಗುವುದಿಲ್ಲ, ರಾತ್ರಿ ಆಗುತ್ತದೆ ಎಂದಾದರೆ ಯಂತ್ರವನ್ನು ದೂರುವಂತಿಲ್ಲ, ಸ್ಟೆಬಿಲೈಜರ್ ಬೇಕು.

ಮುಂದೆ ವೈರ್. ಮಾನಿಟರಿನ ವೈರೂ ಕಂಪ್ಯೂಟರಿನ ವೈರೂ ಬಹುತೇಕ ಒಂದೇ ಬಗೆಯವು, ಅದಲುಬದಲು ಮಾಡಿ ನೋಡಲು ಕಾಸು ಖರ್ಚಿಲ್ಲ. ಎಸ್‌ಎಂಪಿಎಸ್‌ನ ಬೆನ್ನಿಗಿರುವ ಸಣ್ಣ ಸ್ವಿಚ್ಚು ಕಸ ಗುಡಿಸುವಾಗ ಆಫ್ ಆಗಿರಬಹುದು. ಅದರ ಪಕ್ಕದಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿ ಇದ್ದರೆ ಅದು ಸದಾ 230ರ ಕಡೆಗೇ ಇರಬೇಕು; ಮಕ್ಕಳ ಕೈಗೆ ಸಿಕ್ಕಿ 115ಕ್ಕೆ ಸರಿದ ಯಂತ್ರಕ್ಕೆ ಕರೆಂಟ್ ಕೊಟ್ಟರೆ ಎಸ್‌ಎಂಪಿಎಸ್ ಸಿಡಿಯುತ್ತದೆ.

ಇಷ್ಟರ ಮೇಲೂ ಯಂತ್ರ ಸುಮ್ಮನಿದ್ದರೆ ಪಕ್ಕದ ತಗಡು ತೆಗೆದು ನೋಡಬಹುದು. ಹಲವು ಮದರ್‌ಬೋರ್ಡುಗಳಲ್ಲಿ ಕರೆಂಟ್ ಬಂದೊಡನೆ ಹತ್ತುವ ಒಂದು ಪುಟ್ಟ ದೀಪವಿರುತ್ತದೆ. ಆ ದೀಪ ಹತ್ತಿಯೂ ಯಂತ್ರ ಏಳದಿದ್ದರೆ ಅನುಮಾನ ಮುಂಭಾಗದ ಗುಂಡಿಯ ಮೇಲೆ ಹೋಗಬೇಕು. ವರ್ಷಗಟ್ಟಲೆ ಒತ್ತಿಸಿಕೊಂಡ ಗುಂಡಿಯ ಒಳಗಿನ ಸಂಪರ್ಕ ಸವೆದಿರುತ್ತದೆ. ಇದಕ್ಕೊಂದು ಸುಲಭದ ಉಪಾಯವಿದೆ: ಬೋರ್ಡಿನ ಅಂಚಿನಲ್ಲಿ ಪವರ್ ಸ್ವಿಚ್ಚಿನ ಎರಡು ತಂತಿಗಳ ಪುಟ್ಟ ಪ್ಲಗ್ ಇರುವ ಜಾಗಕ್ಕೆ ರೀಸೆಟ್ ಗುಂಡಿಯ ಪ್ಲಗ್ ಹಾಕಿ, ರೀಸೆಟ್ ಗುಂಡಿ ಒತ್ತುವುದು. ಯಂತ್ರ ಎದ್ದರೆ ಹಾಗೆಯೇ ಬಿಟ್ಟು ಬಳಸಿದರೂ ಯಾವ ತೊಂದರೆಯೂ ಇಲ್ಲ. ನಾನು ಕಂಡ ‘ಬೋರ್ಡ್ ಹೋಗಿದೆ’ ಎಂಬ ದೂರುಗಳಲ್ಲಿ ಹಲವು ಈ ಪ್ಲಗ್ ಬದಲಿಸುವುದರಲ್ಲೇ ಮುಗಿದಿವೆ.

ಬೋರ್ಡಿನ ದೀಪವೂ ಹತ್ತದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. ಮಲ್ಟಿಮೀಟರ್ ಬಳಕೆ ಬಲ್ಲವರು, ಕರೆಂಟ್ ಇರುವಾಗ, 24 ಪಿನ್ನಿನ ದೊಡ್ಡ ಪ್ಲಗ್ಗಿನ ಹಿಂಭಾಗದಿಂದ ನೇರಳೆ ತಂತಿಯ ವೋಲ್ಟೇಜ್ ಅಳೆಯಬೇಕು. ಅದು 4.75ರಿಂದ 5.25 ವೋಲ್ಟ್ ಒಳಗಿರಬೇಕು. ಅಲ್ಲಿ ಏನೂ ಇಲ್ಲವೆಂದಾದರೆ ಮುಂದಿನ ಪರೀಕ್ಷೆಯ ಅಗತ್ಯವಿಲ್ಲ, ಎಸ್‌ಎಂಪಿಎಸ್ ಸತ್ತಿದೆ. ಇದ್ದರೆ, ವೈರ್ ಕಿತ್ತು, ಪ್ಲಗ್ಗನ್ನು ಬೋರ್ಡಿನಿಂದಲೂ ಉಳಿದ ಪ್ಲಗ್ಗುಗಳನ್ನು ಹಾರ್ಡ್‌ಡಿಸ್ಕಿನಿಂದಲೂ ಬಿಡಿಸಿ, ಭಾರಕ್ಕೆಂದು ಬಳಸದ ಹಳೆಯ ಸಿಡಿ ಡ್ರೈವ್ ಒಂದನ್ನು ಮಾತ್ರ ಸೇರಿಸಿ, ಹಸಿರು ತಂತಿಯ ತೂತಿಗೂ ಯಾವುದಾದರೂ ಕಪ್ಪು ತಂತಿಯ ತೂತಿಗೂ ಒಂದು ತಂತಿಯ ತುಂಡಿನಿಂದ ಸಂಪರ್ಕ ಕೊಟ್ಟು ಕರೆಂಟ್ ಹಾಕಿದರೆ ಅದರ ಫ್ಯಾನ್ ತಿರುಗಬೇಕು. ಆಗ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಸಿಗಬೇಕು. ಕೆಲವು ದೊಡ್ಡ ಕಂಪನಿಗಳ ಹಳೆಯ ಯಂತ್ರಗಳಲ್ಲಿ ತಂತಿಗಳ ಜೋಡಣೆ ಬೇರೆಯೇ ಇರುವುದರಿಂದ ಬಣ್ಣ ಹೊಂದದಿದ್ದರೆ ಈ ಪರೀಕ್ಷೆಗೆ ಹೋಗಬಾರದು. ಇನ್ನೊಂದು ಮಾತು: ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು, ತಿರುಗಿದ ಮಾತ್ರಕ್ಕೆ ಅದು ಪೂರ್ತಿ ಭಾರ ಹೊರುತ್ತದೆ ಎನ್ನಲಾಗದು.

ಲಕ್ಷಣ: ಫ್ಯಾನ್ ಒಂದು ಕ್ಷಣ ತಿರುಗಿ ನಿಂತುಬಿಡುತ್ತದೆ

ಎಲ್ಲೋ ಶಾರ್ಟ್ ಆಗಿದೆ, ಅದನ್ನು ಗ್ರಹಿಸಿದ ಎಸ್‌ಎಂಪಿಎಸ್ ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ ಎಂಬುದು ಇದರ ಸಾಮಾನ್ಯ ಅರ್ಥ. ಮೊದಲು ಹೊರಗಿನ ಯುಎಸ್‌ಬಿ ವಸ್ತುಗಳನ್ನೆಲ್ಲ ಕಿತ್ತು ನೋಡಬೇಕು. ಮುಂಭಾಗದ ಯುಎಸ್‌ಬಿ ತೂತಿನ ಒಳಗಿನ ನಾಲಗೆ ಮುರಿದು ಪಿನ್ನುಗಳು ಒಂದಕ್ಕೊಂದು ತಾಗಿದರೂ ಯಂತ್ರ ಹೀಗೇ ನಡೆದುಕೊಳ್ಳುತ್ತದೆ.

ಬಳಿಕ ಕ್ಯಾಬಿನೆಟ್ಟಿನ ಒಳಭಾಗವನ್ನು ಟಾರ್ಚ್ ಹಿಡಿದು ನಿಧಾನವಾಗಿ ನೋಡಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಹಿಂಬದಿಯ ಮುಚ್ಚಳದ ಪಟ್ಟಿ ಬಿದ್ದುಹೋದ ಸಂದಿಯಿಂದ ಹಲ್ಲಿ, ಜಿರಳೆ, ಇಲಿ ಒಳಸೇರುವುದು ಅಪರೂಪವಲ್ಲ. ಬೆಚ್ಚಗಿರುವ ಜಾಗ ಹುಡುಕಿ ಬಂದ ಹಲ್ಲಿ ಬೋರ್ಡಿನ ಹಿಂದೆ ಸಿಕ್ಕಿಕೊಂಡು ಸತ್ತಿರುತ್ತದೆ, ಇಲಿ ತಂತಿಯ ಹೊದಿಕೆ ಕಡಿದಿರುತ್ತದೆ. ಎಲ್ಲಿಂದಲೋ ಕಳಚಿದ ಒಂದು ಸ್ಕ್ರೂ ಬೋರ್ಡಿನ ಅಡಿಗೆ ಉರುಳಿದ್ದರೂ ಸಾಕು.

ಇದೇ ವೇಳೆ ಪ್ರೊಸೆಸರಿನ ಸುತ್ತ ನಿಂತಿರುವ ಸಿಲಿಂಡರಿನಂಥ ಕೆಪ್ಯಾಸಿಟರುಗಳ ತಲೆಯನ್ನು ಗಮನಿಸಬೇಕು. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಅಥವಾ ಕಂದು ಬಣ್ಣದ ಅಂಟು ಒಸರಿದ್ದರೆ ಅವು ಸತ್ತಿವೆ. 2000ದ ದಶಕದ ಮೊದಲ ಭಾಗದಲ್ಲಿ ದೋಷಯುಕ್ತ ದ್ರಾವಣ ತುಂಬಿದ ಕೆಪ್ಯಾಸಿಟರುಗಳು ಲೋಕದಾದ್ಯಂತ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಸೇರಿಹೋಗಿದ್ದವು. ಆ ಕಾಲದ ಬೋರ್ಡುಗಳಲ್ಲಿ ಈ ನೋಟ ಸಾಮಾನ್ಯ. ಆಮೇಲಿನ ಒಳ್ಳೆಯ ಬೋರ್ಡುಗಳೂ ಸೆಕೆಯಿಂದ ಬಳಲುತ್ತವೆ. ಇಂಥ ಕೆಪ್ಯಾಸಿಟರಿನ ಉಷ್ಣಾಂಶ 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಲೆಕ್ಕಾಚಾರ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಶೀಟಿನ ಸೂರಿನ ಕೆಳಗೆ, ಧೂಳು ತುಂಬಿದ ಫ್ಯಾನಿನೊಂದಿಗೆ ದಿನಕ್ಕೆ ಹತ್ತು ಗಂಟೆ ನಡೆಯುವ ಯಂತ್ರಕ್ಕೆ ಈ ಲೆಕ್ಕ ಏನು ಮಾಡುತ್ತದೆ ಎಂಬುದನ್ನು ಊಹಿಸಬಹುದು. ಕೆಪ್ಯಾಸಿಟರ್ ಬದಲಿಸುವುದು ಬೆಸುಗೆಯ ಕೈ ಪಳಗಿದವರ ಕೆಲಸ; ಬೋರ್ಡಿನ ಒಳಪದರಗಳು ಸುಟ್ಟರೆ ಮತ್ತೆ ಸರಿಯಾಗದು.

ಬೋರ್ಡ್ ಚೊಕ್ಕಟವಾಗಿ ಕಂಡರೆ ಹಾರ್ಡ್‌ಡಿಸ್ಕ್, ಸಿಡಿ ಡ್ರೈವ್, ಹೆಚ್ಚುವರಿ ಕಾರ್ಡುಗಳ ಸಂಪರ್ಕಗಳನ್ನು ತಪ್ಪಿಸಿ, ಬರೀ ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್ ಇಟ್ಟು ಹಾಕಿ ನೋಡಬೇಕು. ಆಗ ಯಂತ್ರ ನಡೆದರೆ, ಕಿತ್ತ ಭಾಗಗಳನ್ನು ಪ್ರತಿ ಸಲ ಕರೆಂಟ್ ತೆಗೆದು ಒಂದೊಂದಾಗಿ ಸೇರಿಸುತ್ತ ಬಂದರೆ ತಪ್ಪಿತಸ್ಥ ಸಿಗುತ್ತದೆ.

ಲಕ್ಷಣ: ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ರಿಪೇರಿ ಅಂಗಡಿಗೆ ಬರುವ ‘ಡಿಸ್‌ಪ್ಲೇ ಬರ್ತಾ ಇಲ್ಲ’ ಎಂಬ ದೂರು ಇದೇ. ಯಂತ್ರ ನಿಜವಾಗಿಯೂ ನಿಂತಿದೆಯೋ, ಚಿತ್ರ ಮಾತ್ರ ಕಾಣುತ್ತಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಗುಂಡಿ ಒತ್ತಿ ಒಂದು ನಿಮಿಷ ಕಾದು, ಕೀಬೋರ್ಡಿನ ನಮ್ ಲಾಕ್ ಕೀಲಿಯನ್ನು ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಬದುಕಿದೆ. ದೋಷ ಮಾನಿಟರ್, ಅದರ ಕೇಬಲ್ ಅಥವಾ ಗ್ರಾಫಿಕ್ಸ್ ಕಾರ್ಡಿನಲ್ಲಿದೆ. ದೀಪ ಬದಲಾಗದಿದ್ದರೆ ಯಂತ್ರ ರ‍್ಯಾಮ್ ಹಂತದಲ್ಲೋ ಅದಕ್ಕೂ ಮೊದಲೋ ನಿಂತಿದೆ.

ಮಾನಿಟರನ್ನು ಕಂಪ್ಯೂಟರಿನಿಂದ ಬಿಡಿಸಿ ಬರೀ ಕರೆಂಟ್ ಕೊಟ್ಟಾಗ ಸಿಗ್ನಲ್ ಇಲ್ಲವೆಂದೋ ಕೇಬಲ್ ಇಲ್ಲವೆಂದೋ ಬರಹ ತೋರಿಸಿದರೆ ಮಾನಿಟರ್ ಸರಿಯಾಗಿದೆ. ನೀಲಿ ವಿಜಿಎ ಪ್ಲಗ್ಗಿನ ಪಿನ್ ಬಾಗಿದೆಯೇ ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ಲನ್ನು ಬೋರ್ಡಿನ ತೂತಿಗೆ ಹಾಕಿದರೂ ಪರದೆ ಕಪ್ಪಾಗಿಯೇ ಇರಬಹುದು. ಸ್ವಚ್ಛಗೊಳಿಸಿ ಮರುಜೋಡಿಸಿದ ದಿನ ಈ ತಪ್ಪು ಹೆಚ್ಚು.

ಮಾನಿಟರಿನ ಕಡೆ ತಪ್ಪಿಲ್ಲವೆಂದಾದರೆ ರ‍್ಯಾಮ್. ಹಳೆಯ ಯಂತ್ರಗಳ ಈ ಲಕ್ಷಣಕ್ಕೆ ಇದೇ ಬಹುಮುಖ್ಯ ಕಾರಣ, ಇದಕ್ಕೆ ನಮ್ಮ ಊರುಗಳ ಗಾಳಿಯೂ ಒಂದು ನಿಮಿತ್ತ. ಚಿತ್ರದುರ್ಗದ ಆಷಾಢದ ಗಾಳಿ ತರುವ ಕೆಂಪು ಧೂಳು, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಕರಿಮಸಿ, ಗಿರಣಿಗಳ ತೌಡಿನ ಪುಡಿ ಎಲ್ಲವೂ ರ‍್ಯಾಮಿನ ಹಳದಿ ಪಟ್ಟಿಗೂ ಸ್ಲಾಟಿಗೂ ನಡುವೆ ಸೇರಿಕೊಳ್ಳುತ್ತವೆ. ವೈರ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಗಾಳಿ ಒಣಗಿರುವ ಮಾಗಿಯ ದಿನಗಳಲ್ಲಿ ಇದನ್ನು ಮರೆಯಲೇಬಾರದು. ಸ್ಲಾಟಿನ ಎರಡೂ ಕೊನೆಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿ ರ‍್ಯಾಮನ್ನು ತೆಗೆದು, ಅದರ ಹಳದಿ ಪಟ್ಟಿಯನ್ನು ಮೆತ್ತಗಿನ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಸ್ಲಾಟಿನ ಮೇಲೆ ಬೀಳದಂತೆ ದೂರದಲ್ಲಿ ಕೊಡವಬೇಕು. ಸ್ಲಾಟಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು, ಬಾಯಿಂದ ಊದಿದರೆ ಉಗುಳಿನ ತೇವ ಸೇರುತ್ತದೆ. ರ‍್ಯಾಮಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದಿದ ಮೇಲೆ ಎರಡೂ ಕ್ಲಿಪ್ಪುಗಳು ತಾವಾಗಿಯೇ ಕಚ್ಚಿಕೊಳ್ಳುವವರೆಗೆ ಒತ್ತಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿದಾಗ ಕೆಟ್ಟದ್ದು ರ‍್ಯಾಮೋ ಸ್ಲಾಟೋ ತಿಳಿಯುತ್ತದೆ. ಹೊಸದು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಡಿಡಿಆರ್ 2 ಮತ್ತು ಡಿಡಿಆರ್ 3 ಎರಡಕ್ಕೂ 240 ಪಿನ್ನುಗಳಿದ್ದರೂ ಕಚ್ಚಿನ ಜಾಗ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಹೊಂದುವುದಿಲ್ಲ.

ಲಕ್ಷಣ: ಬೀಪ್ ಸದ್ದು

ಬೀಪ್ ಕೇಳಿಸಿತೆಂದರೆ ನಿಟ್ಟುಸಿರು ಬಿಡಬಹುದು, ಏಕೆಂದರೆ ಪ್ರೊಸೆಸರ್ ಮತ್ತು ಬಯಾಸ್ ಕೆಲಸ ಮಾಡುತ್ತಿವೆ. ಒಂದೇ ಒಂದು ಚಿಕ್ಕ ಬೀಪ್ ಬಂದು ಯಂತ್ರ ಮುಂದುವರಿದರೆ ಎಲ್ಲವೂ ಸರಿಯಿದೆ. ಅವಾರ್ಡ್ ಕಂಪನಿಯ ಬಯಾಸಿನಲ್ಲಿ ಒಂದು ಉದ್ದ, ಎರಡು ಚಿಕ್ಕ ಬೀಪ್ ಬಂದರೆ ಡಿಸ್‌ಪ್ಲೇ ದೋಷ. ಉದ್ದನೆಯ ಬೀಪ್ ಬಿಟ್ಟು ಬಿಟ್ಟು ಬರುತ್ತಲೇ ಇದ್ದರೆ ರ‍್ಯಾಮ್. ಎಎಂಐ ಕಂಪನಿಯ ಬಯಾಸಿನಲ್ಲಿ ಒಂದು, ಎರಡು ಅಥವಾ ಮೂರು ಬೀಪ್ ಬಂದು ಯಂತ್ರ ನಿಂತರೆ ರ‍್ಯಾಮ್ ಕಡೆಯ ದೋಷ, ಎಂಟು ಬೀಪ್ ಬಂದರೆ ಡಿಸ್‌ಪ್ಲೇ ಕಡೆಯದು. ಕಂಪನಿಯಿಂದ ಕಂಪನಿಗೆ ಈ ಲೆಕ್ಕ ಬದಲಾಗುವುದರಿಂದ ಬೋರ್ಡಿನ ಕೈಪಿಡಿ ಇದ್ದರೆ ಅದನ್ನೇ ನಂಬಬೇಕು.

ಏನೂ ಕೇಳಿಸದಿದ್ದಾಗ ಮಾಡುವ ಒಂದು ಪರೀಕ್ಷೆ ನನಗೆ ಬಹಳ ಸಲ ದಾರಿ ತೋರಿಸಿದೆ. ಕರೆಂಟ್ ತೆಗೆದು, ಎಲ್ಲ ರ‍್ಯಾಮ್‌ಗಳನ್ನೂ ಕಿತ್ತು, ಬರಿದಾದ ಸ್ಲಾಟುಗಳೊಂದಿಗೇ ಯಂತ್ರವನ್ನು ಆನ್ ಮಾಡಬೇಕು. ಈಗ ಅದು ಬೀಪ್ ಎಂದು ಕೂಗಿಕೊಂಡರೆ ಬೋರ್ಡೂ ಪ್ರೊಸೆಸರೂ ಬದುಕಿವೆ, ರ‍್ಯಾಮನ್ನು ಶುಚಿಗೊಳಿಸಿ ಮುಂದುವರಿಯಬಹುದು. ರ‍್ಯಾಮ್ ಇಲ್ಲದೆಯೂ ಮೌನವಾಗಿದ್ದರೆ, ಕ್ಯಾಬಿನೆಟ್ಟಿನ ಸ್ಪೀಕರ್ ಸರಿಯಿದೆಯೆಂದು ಖಚಿತವಾದ ಬಳಿಕ, ಪ್ರೊಸೆಸರಿನ ಪಕ್ಕದ ನಾಲ್ಕು ಪಿನ್ನಿನ 12 ವೋಲ್ಟ್ ಪ್ಲಗ್ ಬಿಗಿಯಾಗಿ ಕೂತಿದೆಯೇ ನೋಡಬೇಕು. ಅದೂ ಸರಿಯಿದ್ದರೆ ದೋಷ ಬೋರ್ಡ್, ಪ್ರೊಸೆಸರ್ ಅಥವಾ ಎಸ್‌ಎಂಪಿಎಸ್‌ನಲ್ಲಿದೆ. ಬದಲಿಸಿ ನೋಡಲು ಬೇರೆ ಬಿಡಿಭಾಗಗಳಿಲ್ಲದೆ ಮನೆಯಲ್ಲಿ ಇದಕ್ಕಿಂತ ಮುಂದೆ ಹೋಗುವಂತಿಲ್ಲ.

ಲಕ್ಷಣ: ಬೆಳಿಗ್ಗೆ ಏಳುವುದಿಲ್ಲ, ನಾಲ್ಕೈದು ಸಲ ಒತ್ತಿದ ಮೇಲೆ ಏಳುತ್ತದೆ

ಚಳಿಗಾಲದ ಬೆಳಿಗ್ಗೆ ಮೊಂಡು ಹಿಡಿದು, ಒಮ್ಮೆ ಎದ್ದ ಮೇಲೆ ಸಂಜೆಯವರೆಗೂ ಚೆನ್ನಾಗಿ ನಡೆಯುವ ಯಂತ್ರದ ಎಸ್‌ಎಂಪಿಎಸ್‌ನ ಕೆಪ್ಯಾಸಿಟರುಗಳು ಒಣಗಿವೆ ಎಂದೇ ಮೊದಲು ಶಂಕಿಸಬೇಕು. ತಣ್ಣಗಿದ್ದಾಗ ಅವು ಸರಿಯಾದ ವೋಲ್ಟೇಜ್ ಕೊಡಲಾರವು, ಬಿಸಿಯಾದಂತೆ ತುಸು ಚೇತರಿಸುತ್ತವೆ. ‘ಆಫ್ ಮಾಡದಿದ್ದರೆ ಆಯಿತು’ ಎಂದು ರಾತ್ರಿಯಿಡೀ ಆನ್ ಇಟ್ಟು ದಿನ ದೂಡುವವರನ್ನು ನೋಡಿದ್ದೇನೆ, ಇದು ತಪ್ಪು. ಬರುವ ದಿನಗಳಲ್ಲಿ ಅದು ಪೂರ್ತಿ ಕೈಕೊಡುವಾಗ ಜೊತೆಗೆ ಏನನ್ನು ಒಯ್ಯುತ್ತದೆಂದು ಹೇಳಲಾಗದು. ಈ ಲಕ್ಷಣ ಕಂಡ ವಾರವೇ ಕಡತಗಳ ನಕಲು ಮಾಡಿಕೊಂಡು ಎಸ್‌ಎಂಪಿಎಸ್ ಬದಲಿಸಬೇಕು. ಹಳೆಯ ಬೋರ್ಡಿಗೆ 20 ಪಿನ್ನಿನ ಪ್ಲಗ್ ಬೇಕಾಗಿದ್ದರೆ, ನಾಲ್ಕು ಪಿನ್ ಬೇರ್ಪಡುವ 24 ಪಿನ್ನಿನದನ್ನು ಕೇಳಿ ಪಡೆಯಬಹುದು.

ಆನ್ ಆಗಿ ಒಂದೆರಡು ನಿಮಿಷದಲ್ಲೇ ಆರುವುದು ಬೇರೆ ಕಥೆ. ಅದು ಹೆಚ್ಚಾಗಿ ಪ್ರೊಸೆಸರಿನ ಬಿಸಿ. ಪ್ರೊಸೆಸರಿನ ಮೇಲೆ ಕೂತು ಅದರ ಶಾಖ ಹೀರುವ ಹೀಟ್‌ಸಿಂಕಿನ ಪ್ಲಾಸ್ಟಿಕ್ ಕಾಲು ಮುರಿದು ಒಂದು ಬದಿ ಮೇಲೆದ್ದಿದೆಯೇ, ಫ್ಯಾನ್ ತಿರುಗುತ್ತಿದೆಯೇ, ರೆಕ್ಕೆಗಳ ನಡುವೆ ಧೂಳಿನ ಕಂಬಳಿ ಕಟ್ಟಿದೆಯೇ ನೋಡಬೇಕು. ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಸವೆಯುತ್ತದೆ. ಹೀಟ್‌ಸಿಂಕ್ ತೆಗೆದರೆ ಶಾಖ ಸಾಗಿಸುವ ಹೊಸ ಪೇಸ್ಟ್ ಹಚ್ಚದೆ ಮತ್ತೆ ಕೂರಿಸಬಾರದು.

ಲಕ್ಷಣ: ಪರದೆಯಲ್ಲಿ ಅಕ್ಷರ ಬಂದು ಎಫ್ 1 ಒತ್ತಲು ಕೇಳುತ್ತದೆ, ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿದೆ

ಸಿಮಾಸ್ ಚೆಕ್‌ಸಮ್ ಎರರ್ ಎಂಬ ಬರಹದ ಜೊತೆಗೆ ತಾರೀಖು ತಪ್ಪಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ. ಇದು ಸಿಆರ್ 2032 ಎಂಬ 3 ವೋಲ್ಟ್ ಲಿಥಿಯಂ ಸೆಲ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅಳೆದಾಗ 2.8 ವೋಲ್ಟ್‌ಗಿಂತ ಕಡಿಮೆ ಬಂದರೆ ಬದಲಿಸಬೇಕು. ತೆಗೆದ ಸೆಲ್ ಎಳೆಯ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನು ಸುಡುತ್ತದೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ.

ಸೆಲ್ ಹಾಕಿದ ಮೇಲೆ ಬರುವ ಎರಡನೆಯ ತೊಡಕೇ ಹೆಚ್ಚು ಜನರನ್ನು ದಿಕ್ಕು ತಪ್ಪಿಸುತ್ತದೆ. ಸೆಲ್ ಸತ್ತಾಗ ಬಯಾಸಿನ ಆಯ್ಕೆಗಳೆಲ್ಲ ಕಾರ್ಖಾನೆಯ ಮೂಲಸ್ಥಿತಿಗೆ ಮರಳುತ್ತವೆ. ಅವುಗಳಲ್ಲಿ ಹಾರ್ಡ್‌ಡಿಸ್ಕಿನೊಡನೆ ಮಾತಾಡುವ ರೀತಿಯನ್ನು ಹೇಳುವ ಸಾಟಾ ಮೋಡ್ ಎಂಬ ಆಯ್ಕೆಯೂ ಒಂದು. ವಿಂಡೋಸ್ ಎಕ್ಸ್‌ಪಿ ತನ್ನಷ್ಟಕ್ಕೆ ಎಎಚ್‌ಸಿಐ ಎಂಬ ಹೊಸ ರೀತಿಯನ್ನು ಅರಿಯದ ಕಾರಣ ಆ ಕಾಲದವರು ಐಡಿಇ ಎಂಬ ಹಳೆಯ ರೀತಿಗೆ ಬದಲಿಸಿ ಅದನ್ನು ಸ್ಥಾಪಿಸಿರುತ್ತಿದ್ದರು. ಸೆಲ್ ಸತ್ತು ಆಯ್ಕೆ ಮತ್ತೆ ಎಎಚ್‌ಸಿಐಗೆ ಹೋದರೆ, ವಿಂಡೋಸ್ ಲಾಂಛನ ಮಿಂಚಿ ನೀಲಿ ಪರದೆ ಬರುತ್ತದೆ, ಅದರ ಸ್ಟಾಪ್ ಸಂಖ್ಯೆಯ ಕೊನೆಯಲ್ಲಿ 7ಬಿ ಎಂದಿರುತ್ತದೆ. ಇದನ್ನು ಕಂಡು ‘ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಬೇಕು’ ಎನ್ನುವವರ ಮಾತು ಕೇಳಬೇಡಿ. ಬಯಾಸಿಗೆ ಹೋಗಿ ಆ ಒಂದು ಆಯ್ಕೆಯನ್ನು ಇದ್ದ ಕಡೆಯಿಂದ ಇನ್ನೊಂದು ಕಡೆಗೆ ಬದಲಿಸಿ ನೋಡಿ. ಒಂದು ಡಿಟಿಪಿ ಕೇಂದ್ರದಲ್ಲಿ ಫಾರ್ಮ್ಯಾಟ್ ಮಾಡಲು ಸಿಡಿ ಹಾಕಿಟ್ಟ ಮೇಲೆ ನನ್ನನ್ನು ಕರೆದಿದ್ದರು. ಆಯ್ಕೆ ಬದಲಿಸಿದ ನಿಮಿಷಕ್ಕೆ ಹತ್ತು ವರ್ಷದ ಕೆಲಸವೆಲ್ಲ ಇದ್ದ ಹಾಗೆಯೇ ತೆರೆದುಕೊಂಡಿತು.

ಯಂತ್ರ ಚೆನ್ನಾಗಿರುವಾಗಲೇ ಬಯಾಸಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಈ ಹುಡುಕಾಟವೇ ಇರುವುದಿಲ್ಲ.

ಲಕ್ಷಣ: ಹಾರ್ಡ್‌ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತದೆ, ಅಥವಾ ಟಕ್ ಟಕ್ ಎಂಬ ಸದ್ದು

ಬೂಟ್ ಡಿವೈಸ್ ಇಲ್ಲವೆಂದೋ, ಎಕ್ಸ್‌ಪಿಯಲ್ಲಿ ಎನ್‌ಟಿಎಲ್‌ಡಿಆರ್ ಇಲ್ಲವೆಂದೋ, ವಿಂಡೋಸ್ 7ರಲ್ಲಿ ಬೂಟ್‌ಎಂಜಿಆರ್ ಇಲ್ಲವೆಂದೋ ಬರಹ ಬಂದರೆ ಮೊದಲು ಹಿಂದುಮುಂದಿನ ಪೆನ್‌ಡ್ರೈವ್‌ಗಳನ್ನೂ ಡ್ರೈವಿನಲ್ಲಿ ಉಳಿದ ಸಿಡಿಯನ್ನೂ ತೆಗೆದು ಮತ್ತೆ ಆನ್ ಮಾಡಬೇಕು. ಗಿರಾಕಿಯೊಬ್ಬರು ಬಿಟ್ಟುಹೋದ ಪೆನ್‌ಡ್ರೈವಿನಿಂದ ಯಂತ್ರ ವಿಂಡೋಸ್ ಹುಡುಕುತ್ತ ನಿಂತಿರಬಹುದು. ಆಮೇಲೆ ಬಯಾಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಬೇಕು. ಕಾಣದಿದ್ದರೆ ಕರೆಂಟ್ ತೆಗೆದು ಡೇಟಾ ಕೇಬಲ್ ಬದಲಿಸಿ, ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ, ಎಸ್‌ಎಂಪಿಎಸ್‌ನ ಬೇರೆ ಪ್ಲಗ್ ಕೊಟ್ಟು ನೋಡಬೇಕು. ಅಗಲವಾದ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್ ಆಗಿದ್ದರೆ ಅದರ ಬೆನ್ನಿನ ಪಿನ್ನುಗಳಿಗೆ ತೊಡಿಸುವ ಜಂಪರ್ ಎಂಬ ಪುಟ್ಟ ತುಂಡು ಮಾಸ್ಟರ್ ಎಂದು ಗುರುತಿಸಿದ ಜಾಗದಲ್ಲಿ ಇರಬೇಕು.

ಡಿಸ್ಕಿನೊಳಗಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ತಕ್ಷಣ ಕರೆಂಟ್ ತೆಗೆಯಿರಿ, ಮತ್ತೆ ಹಾಕಬೇಡಿ. ಓದುವ ಮುಳ್ಳು ತನ್ನ ಜಾಗ ಸಿಗದೆ ಅಲ್ಲಿಂದಿಲ್ಲಿಗೆ ಬಡಿಯುತ್ತಿದೆ. ತಿರುಗುವ ತಟ್ಟೆಯ ಮೇಲೆ ಅದು ಗೀರಿದಷ್ಟೂ ಅಲ್ಲಿದ್ದ ಮಾಹಿತಿ ಶಾಶ್ವತವಾಗಿ ಅಳಿಯುತ್ತ ಹೋಗುತ್ತದೆ. ಫ್ರಿಜ್ಜಿನಲ್ಲಿಡುವುದು, ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಯಾವುದೂ ಉಪಾಯವಲ್ಲ. ಅದರೊಳಗೆ ಕಳೆದುಕೊಳ್ಳಲಾಗದ ಲೆಕ್ಕಪತ್ರ ಇದ್ದರೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆದು ಡೇಟಾ ತೆಗೆಯುವ ವೃತ್ತಿಪರರೇ ಆಗಬೇಕು, ಖರ್ಚು ಹೆಚ್ಚು.

ಸದ್ದಿಲ್ಲದೆ, ಬಯಾಸಿನಲ್ಲಿ ಹೆಸರು ಕಾಣುತ್ತ, ವಿಂಡೋಸ್ ಮಾತ್ರ ತೆರೆಯದ ಡಿಸ್ಕಿನಲ್ಲಿ ಕಡತಗಳು ಬಹುಪಾಲು ಸುರಕ್ಷಿತವಾಗಿರುತ್ತವೆ. ಡಿಸ್ಕನ್ನು ತೆಗೆದು ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ, ಅಥವಾ ಪೆನ್‌ಡ್ರೈವಿನಿಂದ ನಡೆಯುವ ಲಿನಕ್ಸ್‌ನಲ್ಲಿ ಆ ಯಂತ್ರವನ್ನೇ ಎಬ್ಬಿಸಿ ಮೊದಲು ನಕಲು ಮಾಡಿಕೊಳ್ಳಬೇಕು. ಬೇರೆ ಕಂಪ್ಯೂಟರ್ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೆ’ ಎಂದು ಕೇಳಿದರೆ ಬೇಡವೆನ್ನಬೇಕು. ಡಿಸ್ಕಿನ ದೋಷ ಹುಡುಕುವ ಚೆಕ್ ಡಿಸ್ಕ್ ನಡೆಸುವುದೂ ನಕಲಿನ ನಂತರವೇ, ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಭಾರವಾಗಬಹುದು. ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆಯೆಂದು ಹುಡುಕಿ ಇಡೀ ಫೋಲ್ಡರನ್ನೇ ಒಯ್ಯಬೇಕು. ಡಿಟಿಪಿಯವರು ಪೇಜ್‌ಮೇಕರ್ ಕಡತಗಳ ಜೊತೆಗೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡದಿದ್ದರೆ, ಹಳೆಯ ನುಡಿ ಅಕ್ಷರಗಳು ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಯೂನಿಕೋಡ್‌ಗಿಂತ ಹಿಂದಿನ ಆ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷಿನ ಸಂಕೇತಗಳ ಜಾಗದಲ್ಲೇ ಇಟ್ಟಿದ್ದವು.

ರಿಪೇರಿಗೆ ಒಯ್ಯುವಾಗ

ಬೋರ್ಡ್ ಅಥವಾ ಪ್ರೊಸೆಸರ್ ಹೋಗಿದೆ ಎಂದು ಖಚಿತವಾದರೆ ಅದೇ ಮಾದರಿಯ ಹಳೆಯ ಬೋರ್ಡ್ ಹುಡುಕಿ ಹಾಕಿಸುವುದು, ಪ್ಯಾರಲಲ್ ಪೋರ್ಟಿನಂಥ ಅನಿವಾರ್ಯ ಕಾರಣವಿಲ್ಲದಿದ್ದರೆ, ನನ್ನ ಅಭಿಪ್ರಾಯದಲ್ಲಿ ಹಣದ ಸದುಪಯೋಗವಲ್ಲ. ಸೆಲ್, ರ‍್ಯಾಮ್, ಗುಂಡಿ, ಕೇಬಲ್, ಎಸ್‌ಎಂಪಿಎಸ್‌ವರೆಗಿನ ಖರ್ಚು ಸಾರ್ಥಕ. ಹಾಗೆ ಎದ್ದು ಕೂತ ಯಂತ್ರದಲ್ಲೂ ಬ್ಯಾಂಕಿನ ವ್ಯವಹಾರ ಬೇಡ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದೆ.

ಅಂಗಡಿಗೆ ಕೊಡುವಾಗ ‘ಆನ್ ಆಗ್ತಿಲ್ಲ’ ಎಂದಷ್ಟೇ ಹೇಳದೆ ದೀಪ ಹತ್ತುತ್ತದೆಯೇ, ಫ್ಯಾನ್ ಎಷ್ಟು ಹೊತ್ತು ತಿರುಗುತ್ತದೆ, ಬೀಪ್ ಎಷ್ಟು, ಪರದೆಯಲ್ಲಿ ಯಾವ ಬರಹ ಬಂತು, ನೀವು ಏನೇನು ಬದಲಿಸಿ ನೋಡಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ದೋಷ ಡಿಸ್ಕಿನದಲ್ಲ ಎಂದು ಗೊತ್ತಿದ್ದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಅದನ್ನೂ ಕೊಡಲೇಬೇಕಾದರೆ, ‘ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ದಪ್ಪ ಅಕ್ಷರಗಳಲ್ಲಿ ಬರೆದ ಕಾಗದವನ್ನು ಕ್ಯಾಬಿನೆಟ್ಟಿನ ಮೇಲೆ ಅಂಟಿಸಿ, ಅದೇ ಮಾತನ್ನು ಅವರ ರಸೀದಿಯಲ್ಲೂ ಬರೆಸಿಕೊಂಡು ಬನ್ನಿ.